ಹೆರೆಮಣೆಗೆ ಜಾಗ ಎಲ್ಲಿ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಕೆಂಪು ಕಾವಿಯ ನೆಲ. ಕಟ್ಟಿಸಿ ಅರುವತ್ತು ವರ್ಷ ಆಗಿರಬಹುದು. ಅಡುಗೆಮನೆ ಮತ್ತು ಚಾವಡಿಯನ್ನು ಹೊಸತು ಮಾಡಲು ಮೂರು ಲಕ್ಷ ತೆಗೆದಿಟ್ಟಿದ್ದೇವೆ. ಇಂಟೀರಿಯರ್‌ನವರು ಬಂದು ನೋಡಿದರು. ಒಲೆ ಕಿತ್ತು, ಕಡೆಯುವ (ರುಬ್ಬುವ) ಕಲ್ಲನ್ನು ಅಂಗಳಕ್ಕೆ ಹಾಕಿ, ಹೊಳೆಯುವ ಮಾಡ್ಯುಲರ್ ಕಿಚನ್, ಚಿಮಣಿ, ಚಾವಡಿಗೆ ವಾಲ್‌ಪೇಪರ್, ಪ್ಲಾಸ್ಟಿಕ್ ಹುಲ್ಲಿನ ಗೋಡೆ ಮಾಡುವ ಎಂದು ಚಿತ್ರ ಬಿಡಿಸಿ ಕೊಟ್ಟಿದ್ದಾರೆ. ಅತ್ತೆಗೆ ಎಪ್ಪತ್ತನಾಲ್ಕು. ಅವರಿಗೆ ದಿನಾ ಕಾಯಿ ಹೆರೆದು (ತುರಿದು), ಕಡೆದೇ ಅಡುಗೆ ಆಗಬೇಕು; ಪ್ಯಾಕೆಟ್ ಎಂದರೆ ವಿಷ. ನಾನು ಶಾಲೆಗೆ ಹೋಗುವವಳು, ಬೆಳಿಗ್ಗೆ ಎಂಟೂಕಾಲಿಗೆ ಬಸ್ಸು. ನಾದಿನಿ ಬೆಂಗಳೂರಿನಿಂದ ಬಂದಾಗಲೆಲ್ಲ ‘ಅತ್ತಿಗೆ, ಪುಡಿ ಪ್ಯಾಕೆಟ್ ತಂದರೆ ಮುಗಿಯಿತಲ್ಲ, ಆ ತೆಂಗಿನೆಣ್ಣೆಯನ್ನೂ ಒಮ್ಮೆ ಬಿಡಿ’ ಎನ್ನುತ್ತಾಳೆ. ಅತ್ತೆಯದು ಹಠವೋ, ನನ್ನದು ಸೋಮಾರಿತನವೋ? ಹಳೆ ಸಾಮಾನನ್ನು ಇಟ್ಟುಕೊಂಡೇ ಮನೆ ಚಂದ ಮಾಡಲು ಆಗುತ್ತದೋ?

ಉತ್ತರ: ತಂಗೀ, ನಿಮ್ಮ ಪತ್ರದ ಜೊತೆಗಿದ್ದ ಆ ಚಿತ್ರವನ್ನು ಎರಡು ಸಲ ನೋಡಿದೆ. ಮೇಲೆ ಕಪಾಟು, ಕೆಳಗೆ ಕಪಾಟು, ನಡುವೆ ಹೊಳೆಯುವ ಕಲ್ಲು, ಅದರ ಮೇಲೊಂದು ಹಸಿರು ಸೇಬಿನ ಬುಟ್ಟಿ. ಬದಿಯಡ್ಕದ ಅಡುಗೆಮನೆಗೆ ಸೇಬಿನ ಬುಟ್ಟಿ ಬಂತು, ಆದರೆ ಕಾಯಿ ಹೆರೆಯುವ ಹೆರೆಮಣೆಗೆ ಜಾಗವೇ ಇಲ್ಲ. ನಿಮ್ಮ ಎರಡು ಪ್ರಶ್ನೆಗಳೂ ನನಗೆ ಅಲ್ಲಿಯೇ ಒಂದಾಗಿ ಕಂಡವು.

ನಾನು ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು. ಈಗ ಹಳೆ ಮನೆಗಳ ಅಡುಗೆಕೋಣೆ ರಿಪೇರಿಗೆ ಸಲಹೆ ಕೊಡುತ್ತಾ ತಿರುಗುತ್ತೇನೆ. ಇಷ್ಟು ವರ್ಷದಲ್ಲಿ ಕಂಡದ್ದು ಇದು: ಮನೆಯವರು ಏನು ತಿನ್ನುತ್ತಾರೆ ಎಂಬುದನ್ನು ಅವರ ಆಸೆಗಿಂತ ಹೆಚ್ಚಾಗಿ ಸಾಮಾನು ಇಟ್ಟ ಎತ್ತರ ನಿರ್ಧರಿಸುತ್ತದೆ. ಹೆರೆಮಣೆ ಅಟ್ಟಕ್ಕೆ ಹೋದ ಮನೆಗೆ ಆರು ತಿಂಗಳೊಳಗೆ ಕಾಯಿಪುಡಿಯ ಪ್ಯಾಕೆಟ್ ಬರುತ್ತದೆ. ಯಾರೂ ಹಾಗೆಂದು ತೀರ್ಮಾನ ಮಾಡಿರುವುದಿಲ್ಲ.

ನನ್ನ ಮನೆಯಲ್ಲೇ ಆದದ್ದು. 2009ರಲ್ಲಿ ಮಾಡ್ಯುಲರ್ ಮಾಡಿಸಿದೆ. ಚಂದ ಕೆಡುತ್ತದೆಂದು ಹೆರೆಮಣೆ, ಮೆಟ್ಟುಕತ್ತಿ ಎಲ್ಲ ಅಟ್ಟ ಹತ್ತಿದವು. ಒಂದು ದಿನ ಅಮ್ಮ ಊಟಕ್ಕೆ ಕೂತವರು ಕಾಯಿ, ಮಜ್ಜಿಗೆ ಹಾಕಿದ ಮೇಲಾರವನ್ನು ಬಾಯಿಗಿಟ್ಟು, ‘ಇದಕ್ಕೆ ಸಾಬೂನು ಬಿದ್ದಿದೆಯೋ?’ ಎಂದು ಕೇಳಿದರು. ಬಿದ್ದಿರಲಿಲ್ಲ. ಪ್ಯಾಕೆಟಿನ ಕಾಯಿಪುಡಿ ಹಳತಾಗಿತ್ತು, ಅಷ್ಟೆ. ತೆಂಗಿನ ಕೊಬ್ಬಿನಲ್ಲಿ ಅರ್ಧಪಾಲಿನಷ್ಟು ಲಾರಿಕ್ ಆಮ್ಲವಿರುತ್ತದೆ. ತೇವ ತಾಗಿ ಕೊಬ್ಬು ಒಡೆದಾಗ ಆ ಆಮ್ಲ ಬಿಡಿಯಾಗಿ ನಾಲಿಗೆಗೆ ಸಾಬೂನಿನ ಹಾಗೆಯೇ ತಾಗುತ್ತದೆ. ಸಾಬೂನು ಮಾಡುವವರಿಗೆ ತೆಂಗಿನೆಣ್ಣೆ ಇಷ್ಟವಾಗುವುದೂ ಇದೇ ಆಮ್ಲದಿಂದ. ಪಾಠದಲ್ಲಿ ಇದನ್ನು ಎಷ್ಟೋ ಸಲ ಹೇಳಿದವಳು ನಾನು, ನಮ್ಮ ಮನೆಯ ಮೇಲಾರದಲ್ಲಿ ಬಂದಾಗ ಗುರುತು ಹಿಡಿಯಲಿಲ್ಲ! 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು. ಆ ಊರಿನಲ್ಲಿ ಕೂತು, ಹಿತ್ತಿಲಲ್ಲಿ ಕಾಯಿ ಬಿದ್ದು ಮೊಳಕೆ ಬರುತ್ತಿರುವಾಗ, ಪ್ಯಾಕೆಟ್ ಕತ್ತರಿಸುತ್ತಿದ್ದೆ.

ಆದರೆ ಅತ್ತೆಯವರ ‘ಪ್ಯಾಕೆಟೆಲ್ಲ ವಿಷ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಸಂಶಯಕ್ಕೆ ಕಾರಣವಿಲ್ಲ ಎಂದಲ್ಲ. ಎರಡು ದಶಕ ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕುವ ಹೊತ್ತಿಗೆ ಎಣ್ಮಕಜೆ ಕಡೆಯ ಎಷ್ಟು ಮನೆಗಳಲ್ಲಿ ಎಂಥೆಂಥ ಕಾಯಿಲೆಯ, ಅಂಗವೈಕಲ್ಯದ ಮಕ್ಕಳಿದ್ದರೆಂದು ನಿಮ್ಮ ಅತ್ತೆ ಕಣ್ಣಾರೆ ಕಂಡಿರುತ್ತಾರೆ. ಹೊರಗಿನದು ಎಂದರೆ ಅವರ ಕೈ ಹಿಂದೆ ಸರಿಯುವುದನ್ನು ಹಠ ಎನ್ನಬೇಡಿ. ಆದರೂ ಎಲ್ಲ ಪ್ಯಾಕೆಟ್ ಒಂದೇ ಅಲ್ಲ, ಅದನ್ನು ಅವರಿಗೂ ಹೇಳಬಹುದು.

ಕೊಬ್ಬು ಅಥವಾ ಪರಿಮಳದ ಎಣ್ಣೆ ಇರುವ ವಸ್ತು ಇಡಿಯಾಗಿರುವಷ್ಟು ಕಾಲ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಪುಡಿಯಾದ ಕ್ಷಣದಿಂದ ಗಾಳಿ ಅದನ್ನು ತಿನ್ನಲು ಶುರು ಮಾಡುತ್ತದೆ. ಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಏಲಕ್ಕಿ ಎಲ್ಲ ಈ ಗುಂಪಿನವು. ಇವುಗಳನ್ನು ಇಡಿಯಾಗಿಯೇ ತನ್ನಿ. ಕಾಳುಮೆಣಸನ್ನು ನೀವು ತರುವುದೂ ಬೇಡ, ಕಂಗಿನ ಮರದಲ್ಲೇ ಬಳ್ಳಿ ಇದ್ದೀತು. ಹಿಂಗಿನ ವಿಷಯ ಬೇರೆ. ಅಂಗಡಿಯ ಹಿಂಗು ಹೇಗಿದ್ದರೂ ಹಿಟ್ಟು, ಗೋಂದು ಬೆರೆಸಿ ಕೂಡಿಸಿದ್ದೇ, ಅದರಲ್ಲಿ ಮಡಿವಂತಿಕೆ ನಡೆಯದು. ಕಡಲೆಹಿಟ್ಟು, ರವೆ, ಬೆಲ್ಲ ಅಂಗಡಿಯಿಂದಲೇ ಬರಲಿ. ಉಪ್ಪಿನ ಬಗ್ಗೆ ಮಾತ್ರ ಅತ್ತೆಯವರೊಡನೆ ಸ್ವಲ್ಪ ಜಗಳವಾಡಿ: ಮಾವಿನಕಾಯಿ, ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಲು ಕಲ್ಲುಪ್ಪು ಸರಿ, ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಬೇಕು. ಅದನ್ನು ತೆರೆದ ಮರಿಗೆಯಲ್ಲಿ ಇಡಬೇಡಿ, ಮುಚ್ಚಳವಿರುವ ಭರಣಿಗೆ ಹಾಕಿ. ತೇವಕ್ಕೂ ಒಲೆಯ ಬಿಸಿಗೂ ಅಯೋಡಿನ್ ಹಾರಿ ಹೋಗುತ್ತದೆ.

ಪ್ಯಾಕೆಟ್ ತರಲೇಬೇಕಾದಾಗ ಹಿಂಬದಿ ಓದಿ. ಅಲ್ಲಿ ಮಲಯಾಳ ಇರುತ್ತದೆ, ಇಂಗ್ಲಿಷ್ ಇರುತ್ತದೆ, ಕನ್ನಡಕ್ಕೆ ಮಾತ್ರ ಜಾಗ ಸಾಕಾಗುವುದಿಲ್ಲ. ಕಾಸರಗೋಡಿನವರಿಗೆ ಅದೇನೂ ಹೊಸತಲ್ಲ. ಯಾವುದು ಹೆಚ್ಚು ತೂಕವೋ ಅದರ ಹೆಸರು ಮೊದಲು ಬರೆಯಬೇಕೆಂದು ಕಾನೂನು. ಸಾಂಬಾರು ಪುಡಿಯಲ್ಲಿ ಕೊತ್ತಂಬರಿಗಿಂತ ಮುಂಚೆ ಉಪ್ಪೋ ಹಿಟ್ಟೋ ಇದ್ದರೆ ಅಲ್ಲೇ ಇಟ್ಟು ಬನ್ನಿ. ತೆಂಗಿನ ಹಾಲಿನ ಪುಡಿಯ ಪ್ಯಾಕೆಟಿನಲ್ಲಿ ಹೆಚ್ಚಾಗಿ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಮತ್ತು ಹಸುವಿನ ಹಾಲಿನ ಪ್ರೊಟೀನು ಇರುತ್ತದೆ. ಕಾಯಿಹಾಲು ಎಂದುಕೊಂಡು ನೀವು ದುಡ್ಡು ಕೊಡುವುದು ಅದಕ್ಕೂ ಸೇರಿಯೇ.

ಈಗ ನಿಮ್ಮ ಎಂಟೂಕಾಲರ ಬಸ್ಸು. ನಾನು ಗಡಿಯಾರ ಹಿಡಿದು ನೋಡಿದ್ದೇನೆ: ಒಂದು ಕಡಿ (ಅರ್ಧ) ಕಾಯಿ ಹೆರೆಯಲು ಐದು ನಿಮಿಷ, ಮಿಕ್ಸಿಯಲ್ಲಿ ಕಡೆಯಲು ಮೂರು. ಇದು ಹೆರೆಮಣೆ ಕೈಗೆಟಕುವಲ್ಲಿದ್ದರೆ. ಮಸಾಲೆ ಹುರಿಯುವುದೇ ಉದ್ದದ ಕೆಲಸ. ಅದಕ್ಕೊಂದು ಉಪಾಯವಿದೆ. ಭಾನುವಾರ ಹದಿನೈದು ದಿನಕ್ಕಾಗುವಷ್ಟು ಒಣಮೆಣಸು, ಕೊತ್ತಂಬರಿ, ಉದ್ದಿನಬೇಳೆ, ಮೆಂತೆ, ಜೀರಿಗೆಯನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು, ಪೂರ್ತಿ ಆರಿದ ಮೇಲೆ ಇಡಿಯಾಗಿಯೇ ಗಾಜಿನ ಬಾಟಲಿಗೆ ಹಾಕಿಡಿ. ಪುಡಿ ಮಾಡಬೇಡಿ. ಬೆಳಿಗ್ಗೆ ಒಂದು ಮುಷ್ಟಿ ತೆಗೆದು ಕಾಯಿಯ ಜೊತೆಗೆ ಕಡೆದರೆ ಹುಳಿಗೆ ಆಯಿತು. ಅತ್ತೆಯವರಿಗೂ ದೂರಲು ಏನೂ ಸಿಗುವುದಿಲ್ಲ. ಹುರಿದದ್ದು ಮನೆಯದೇ, ಕಡೆದದ್ದು ಆ ಹೊತ್ತಿನದೇ.

ಇನ್ನೊಂದು, ವಾರದಲ್ಲಿ ಎರಡು ದಿನ ಹುಳಿ ಮಾಡಲೇಬೇಡಿ. ನಮ್ಮ ಕಡೆಯ ಅಡುಗೆಯಲ್ಲಿ ಬೇಗ ಆಗುವವು ಬೇಕಾದಷ್ಟಿವೆ. ದೊಡ್ಡ ದೊಡ್ಡ ಅಡುಗೆಯ ನಡುವೆ ನಾವೇ ಅವನ್ನು ಮರೆತಿದ್ದೇವೆ. ಒಂದೆಲಗವೋ ದೊಡ್ಡಪತ್ರೆಯೋ ಒಂದು ಹಿಡಿ, ನಾಲ್ಕು ಕಾಳುಮೆಣಸು, ಸ್ವಲ್ಪ ಕಾಯಿ, ಮಜ್ಜಿಗೆ, ಒಗ್ಗರಣೆ ಹಾಕಿದರೆ ತಂಬುಳಿಯಾಯಿತು, ಒಲೆಯ ಕೆಲಸ ಎರಡೇ ನಿಮಿಷ. ಮಸಾಲೆ ಇಲ್ಲದ ಬೋಳುಹುಳಿ ಇದೆ. ಪುನರ್ಪುಳಿ ಸಿಪ್ಪೆ ನೆನೆಹಾಕಿ ಮಾಡುವ ಸಾರಿದೆ, ಬೇಸಿಗೆಯಲ್ಲಿ ಸಿಪ್ಪೆ ಒಣಗಿಸಿಟ್ಟಿರಬೇಕು, ಅಷ್ಟೆ. ಕುಚ್ಚಿಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕೆಂಬುದು ಚಿಂತೆಯಾದರೆ, ಕೇರಳದಲ್ಲೆಲ್ಲ ಸಿಗುವ ಥರ್ಮಲ್ ಕುಕ್ಕರ್ ತನ್ನಿ. ಹತ್ತು ಹದಿನೈದು ನಿಮಿಷ ಕುದಿಸಿ ಒಳಗಿಟ್ಟು ಮುಚ್ಚಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಬಿಳಿ ಅಕ್ಕಿಗೆ ಬದಲಾಗಬೇಡಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಬೆಳ್ತಿಗೆಯ ಹಾಗೆ ಪೂರ್ತಿ ಹೋಗಿಬಿಡುವುದಿಲ್ಲ.

ತೆಂಗಿನೆಣ್ಣೆಯ ವಿಷಯದಲ್ಲಿ ನಿಮ್ಮ ನಾದಿನಿ ಅರ್ಧ ಸರಿ. ಅದರ ನೂರರಲ್ಲಿ ತೊಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು. ‘ನಮ್ಮ ಅಜ್ಜ ತಿಂದು ತೊಂಬತ್ತು ವರ್ಷ ಬದುಕಿದ್ದರು’ ಎಂಬ ವಾದ ನನ್ನ ಹತ್ತಿರ ನಡೆಯದು, ಅಜ್ಜ ದಿನಾ ಗುಡ್ಡ ಹತ್ತಿ ಸೊಪ್ಪು ಹೊರುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಕೊಲೆಸ್ಟ್ರಾಲ್ ಹೆಚ್ಚಿದ್ದರೆ ವೈದ್ಯರ ಮಾತೇ ಕೊನೆಯದು. ಉಳಿದವರಿಗೆ ನನ್ನ ಲೆಕ್ಕ ತಿಂಗಳಿಗೆ ತಲೆಗೆ ಅರ್ಧ ಲೀಟರು, ಎಲ್ಲ ಎಣ್ಣೆ ಸೇರಿ. ಅದರಲ್ಲಿ ಒಗ್ಗರಣೆಗೆ, ಮೇಲೆ ಹಸಿಯಾಗಿ ಬಿಡಲು ತೆಂಗಿನೆಣ್ಣೆ. ಉಳಿದದ್ದಕ್ಕೆ ಎಳ್ಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ. ತೆಂಗಿನೆಣ್ಣೆ ಇಲ್ಲದೆಯೇ ಅವಿಲು ಮಾಡುವುದಾದರೆ ಅದನ್ನು ಅವಿಲು ಎನ್ನಬೇಡಿ, ಬೇಯಿಸಿದ ತರಕಾರಿ ಎನ್ನಿ.

ನಿಮ್ಮ ಕೊಬ್ಬರಿಯನ್ನೇ ಗಾಣಕ್ಕೆ ಕೊಡುವುದಾದರೆ ಚೆನ್ನಾಗಿ ಒಣಗಿಸಿ. ಮಳೆಗಾಲದ ಬೂಷ್ಟು ಹಿಡಿದ ಕೊಬ್ಬರಿಯ ಎಣ್ಣೆ ಮನೆಯದಾದರೂ ಒಳ್ಳೆಯದಲ್ಲ. ಅಂಗಡಿಯ ಎಣ್ಣೆಯ ಬಗ್ಗೆ ಸಂಶಯ ಬಂದರೆ ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಅರ್ಧ ಗಂಟೆಯಲ್ಲಿ ಪೂರ್ತಿ ಗಟ್ಟಿಯಾಗಬೇಕು. ಮೇಲೆ ತೆಳ್ಳಗಿನ ಪದರ ನಿಂತರೆ ಬೇರೆ ಎಣ್ಣೆ ಬೆರೆತಿದೆ. ಅರಿಶಿನದ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿದ ಕೂಡಲೇ ನೀರು ಗಾಢ ಹಳದಿಯಾದರೆ ಅದಕ್ಕೆ ಬಣ್ಣ ಕೂಡಿಸಿದ್ದಾರೆ. ಒಳ್ಳೆಯ ಅರಿಶಿನ ನೀರಿಗೆ ತಿಳಿ ಬಣ್ಣ ಬಿಟ್ಟು ತಳಕ್ಕೆ ಕೂರುತ್ತದೆ.

ಸರಿ, ಈಗ ಗೋಡೆ, ಕಪಾಟು, ನೆಲ. ಇಲ್ಲಿ ನನ್ನ ಮಾತು ಸ್ವಲ್ಪ ಖಾರವಾದೀತು.

ನಮ್ಮ ಜಿಲ್ಲೆಯ ಹೊಸ ಮನೆಗಳಲ್ಲಿ ಒಂದು ತಮಾಷೆ ನೋಡುತ್ತೇನೆ. ಒಂದು ‘ಕಿಚನ್’, ಅದರ ಹಿಂದೆ ಒಂದು ‘ವರ್ಕ್ ಏರಿಯಾ’. ಲಕ್ಷಗಟ್ಟಲೆ ಹಣ ಕಿಚನ್ನಿಗೆ. ಅಡುಗೆ ನಡೆಯುವುದು ವರ್ಕ್ ಏರಿಯಾದ ಸಿಮೆಂಟು ಕಟ್ಟೆಯಲ್ಲಿ, ಸೆಕೆಯಲ್ಲಿ, ಬೆಳಕಿಲ್ಲದ ಮೂಲೆಯಲ್ಲಿ. ಕಿಚನ್ನಿನಲ್ಲಿ ಚಹಾ ಕಾಸುತ್ತಾರೆ, ನೆಂಟರಿಗೆ ತೋರಿಸುತ್ತಾರೆ. ಮನೆಯ ಹೆಂಗಸರು ದಿನಕ್ಕೆ ಐದು ಗಂಟೆ ಕಳೆಯುವ ಜಾಗಕ್ಕೆ ಒಂದು ಫ್ಯಾನೂ ಇರುವುದಿಲ್ಲ. ನಿಮಗೆ ಮೂರು ಲಕ್ಷ ಇದೆ. ದಯವಿಟ್ಟು ಅದನ್ನು ಎರಡು ಅಡುಗೆಮನೆಗೆ ಹಂಚಬೇಡಿ. ನಿಜವಾಗಿ ಅಡುಗೆ ಆಗುವ ಒಂದೇ ಕೋಣೆಯನ್ನು ಒಳ್ಳೆಯದು ಮಾಡಿ. ಹಲಸು ಬಿಡಿಸುವುದು, ಕಾಯಿ ಸುಲಿಯುವುದು, ಪತ್ರೊಡೆಗೆ ಕೆಸುವಿನ ಎಲೆ ತೊಳೆಯುವಂಥ ಮೇಣ, ತುರಿಕೆ, ಕೆಸರಿನ ಕೆಲಸಕ್ಕೆ ಹಿತ್ತಿಲಿನ ಜಗಲಿಗೆ ಒಂದು ನಲ್ಲಿ, ಒಂದು ಕಲ್ಲಿನ ಕಟ್ಟೆ ಸಾಕು.

ಆ ಕೋಣೆಯೊಳಗೆ ಮೊದಲು ಹೆರೆಮಣೆಗೆ ಜಾಗ. ಅತ್ತೆಯವರು ಈಗಲೂ ನೆಲದಲ್ಲಿ ಕೂತು ಹೆರೆಯುತ್ತಾರಾದರೆ ಇನ್ನು ಎಷ್ಟು ವರ್ಷ ಮಂಡಿ ಕೇಳೀತು? ಹಿಡಿಕೆ ತಿರುಗಿಸುವ ಹೆರೆಮಣೆ ತನ್ನಿ. ಅದನ್ನು ಕಟ್ಟೆಯ ಅಂಚಿಗೆ ತಿರುಪು ಹಾಕಿ ಬಿಗಿಯಬೇಕು. ಮಾಡ್ಯುಲರ್‌ನವರು ಗ್ರಾನೈಟಿನ ಅಂಚನ್ನು ದಪ್ಪ ಕಾಣಲೆಂದು ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿ ಉರುಟು ಮಾಡುತ್ತಾರೆ, ತಿರುಪು ಅಲ್ಲಿ ಹಿಡಿಯುವುದೇ ಇಲ್ಲ. ಆದ್ದರಿಂದ ಕಟ್ಟೆಯ ಒಂದು ಕಡೆ ಎರಡಡಿ ಉದ್ದಕ್ಕೆ ಅಂಚನ್ನು ಚಪ್ಪಟೆ ಬಿಟ್ಟು, ಕಪಾಟಿನ ಬಾಗಿಲಿನಿಂದ ಎರಡಿಂಚು ಮುಂದೆ ಚಾಚಿರಲಿ ಎಂದು ಕೆಲಸದವರಿಗೆ ಈಗಲೇ ಹೇಳಿ. ಕಲ್ಲು ಕೂರಿಸಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಗ್ರೈಂಡರ್ ಕೆಳಗಿನ ಕಪಾಟಿನೊಳಗೆ ಹೋಗಬಾರದು. ಹತ್ತು ಕಿಲೋಗೂ ಮಿಕ್ಕಿದ ಭಾರವನ್ನು ಬಗ್ಗಿ ಎತ್ತಿ ತೆಗೆಯುವವರು ಯಾರು? ನಾಲ್ಕು ದಿನ ತೆಗೆದೀರಿ, ಐದನೆಯ ದಿನ ದೋಸೆ ಹಿಟ್ಟಿನ ಪ್ಯಾಕೆಟ್ ಬರುತ್ತದೆ. ಮಂಡಿಯೆತ್ತರದ ಒಂದು ಕಲ್ಲಿನ ಹಲಗೆ, ಪಕ್ಕದಲ್ಲೇ ಪ್ಲಗ್ಗು, ತೊಳೆದ ನೀರು ಹೋಗಲು ಹತ್ತಿರದಲ್ಲಿ ಒಂದು ತೂತು. ಇದು ಯಾರ ಚಿತ್ರದಲ್ಲೂ ಇರುವುದಿಲ್ಲ, ಏಕೆಂದರೆ ಚಿತ್ರದಲ್ಲಿ ಯಾರೂ ಉದ್ದು ಕಡೆಯುವುದಿಲ್ಲ.

ಕಪಾಟಿಗೆ ಏನು ಹಾಕುತ್ತಾರೆಂದು ಕೇಳಿದಿರಾ? ಎಮ್‌ಡಿಎಫ್, ಪಾರ್ಟಿಕಲ್ ಬೋರ್ಡ್ ಎಂದರೆ ಬಾಗಿಲಿನಿಂದಲೇ ಕಳಿಸಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿಗೆ ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಆಗುವುದಿಲ್ಲ. ನನ್ನ ಮನೆಯ ಆ 2009ರ ಚಂದ ಮೂರನೆಯ ಆಟಿ ತಿಂಗಳ ಮಳೆಗೆ ನೀರಲ್ಲಿ ನೆನೆದ ರೊಟ್ಟಿಯ ಹಾಗೆ ಉಬ್ಬಿತು, ಹಿಂದಿನಿಂದ ಒರಲೆ (ಗೆದ್ದಲು) ಬಂತು. ಮಾಡಿಕೊಟ್ಟ ಅಂಗಡಿಯವರು ಫೋನ್ ಎತ್ತುವುದನ್ನೇ ಬಿಟ್ಟರು. ಈಗ ಇರುವುದು ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಹಲಗೆಗಳು, ಮುಂದೆ ಹಲಸಿನ ಮರದ ಬಾಗಿಲು. ಬಾಗಿಲಿಗೆ ಜಾಲಿ ಇದೆ, ಒಳಗೆ ಗಾಳಿಯಾಡುತ್ತದೆ. ಪ್ಲೈವುಡ್ಡೇ ಆಗಬೇಕೆಂದಿದ್ದರೆ ಐಎಸ್ 710 ಎಂದು ಮುದ್ರೆ ಇರುವ ಮರೀನ್ ಪ್ಲೈ ಕೇಳಿ. ಐಎಸ್ 303 ಬೇರೆ, ಕೆಳದರ್ಜೆಯದು. ಹಲಗೆ ಬಂದ ದಿನ ಮುದ್ರೆಯನ್ನು ಕಣ್ಣಾರೆ ನೋಡಿ, ಮೈಕಾ ಅಂಟಿಸಿದ ಮೇಲೆ ಯಾವುದೆಂದು ದೇವರಿಗೂ ಗೊತ್ತಾಗದು.

ಸೌದೆ ಒಲೆಯ ಬಗ್ಗೆ ನನಗೆ ಎರಡು ಮನಸ್ಸು. ಮಡಲು, ಸಿಪ್ಪೆ, ಗೆರಟೆ ಎಲ್ಲ ಪುಕ್ಕಟೆ ಸಿಗುವ ಮನೆಯಲ್ಲಿ ಸ್ನಾನದ ನೀರಿಗೂ ಕುಚ್ಚಿಲಕ್ಕಿಗೂ ಗ್ಯಾಸ್ ಉರಿಸುವುದು ದಂಡವೇ. ಆದರೆ ಹೊಗೆಯನ್ನು ಸುಂದರ ನೆನಪು ಮಾಡುವವರು ಹೆಚ್ಚಾಗಿ ಒಲೆ ಊದದವರು. ಆ ಹೊಗೆ ಕುಡಿದು ಕೆಮ್ಮುತ್ತಾ ಸತ್ತ ಹೆಂಗಸರು ನನ್ನ ಮನೆಯಲ್ಲೇ ಇದ್ದಾರೆ. ಒಲೆಯನ್ನು ಹಿತ್ತಿಲ ಜಗಲಿಗೆ ಸಾಗಿಸಿ, ಮಾಡಿಗಿಂತ ಎತ್ತರಕ್ಕೆ ಹೋಗುವ ಹೊಗೆಕೊಳವೆ ಹಾಕಿಸಿ. ಹೊಗೆ ನಿಂತಿತೆಂದರೆ ಇನ್ನೊಂದು ಕೆಲಸ ಬರುತ್ತದೆ: ಇಷ್ಟು ವರ್ಷ ಮಾಡಿನ ಮರದ ಪಕಾಸು ರೀಪುಗಳನ್ನು ಹುಳದಿಂದ ಕಾಪಾಡಿದ್ದು ಆ ಹೊಗೆಯ ಕಪ್ಪೇ. ಹಂಚು ಇಳಿಸಿದಾಗ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿಸಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಕೈ ಬೊಬ್ಬೆ ಏಳುತ್ತದೆ. ಹಾಗೆಯೇ ಒಂದೆರಡು ಗಾಜಿನ ಹಂಚು ಹಾಕಿಸಿ. ಹಗಲು ದೀಪದ ಅಗತ್ಯವೇ ಬೀಳದು, ಒಗ್ಗರಣೆಯ ಸಾಸಿವೆ ಸಿಡಿಯುವುದು ಬಿಸಿಲಿನ ಕೋಲಿನಲ್ಲಿ ಕಾಣುತ್ತದೆ.

ಚಿಮಣಿ ಬೇಕೆಂದೇ ಇಲ್ಲ. ಹಂಚಿನ ಮಾಡಿನಲ್ಲಿ ಬಿಸಿಗಾಳಿ ತಾನೇ ಮೇಲೆ ಹೋಗುತ್ತದೆ, ಗೋಡೆಯ ಮೇಲ್ಭಾಗದಲ್ಲಿ ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಸಾಕು. ಹಾಕುವುದಾದರೆ ಹೊರಗೆ ಕೊಳವೆ ಇರುವುದನ್ನೇ ಹಾಕಿ. ಕೊಳವೆ ಇಲ್ಲದ್ದು ಹೊಗೆಯನ್ನು ಒಂದು ಸುತ್ತು ತಿರುಗಿಸಿ ನಿಮ್ಮ ಮುಖಕ್ಕೇ ಬಿಡುತ್ತದೆ.

ಮುರಕಲ್ಲಿನ ಗೋಡೆಗೆ ವಾಲ್‌ಪೇಪರ್ ಎಂದವರು ಒಂದು ಮಳೆಗಾಲ ನಮ್ಮಲ್ಲಿ ಕಳೆಯಬೇಕು. ಮುರಕಲ್ಲೆಂದರೆ ತೂತು ತೂತಿನ ಕಲ್ಲು. ನೆಲದ ತೇವವನ್ನು ಜೂನಿನಲ್ಲಿ ಹೀರುತ್ತದೆ, ಡಿಸೆಂಬರಿನಿಂದ ನಿಧಾನಕ್ಕೆ ಬಿಡುತ್ತದೆ. ಆ ಬಿಡುವ ದಾರಿಗೆ ಪ್ಲಾಸ್ಟಿಕ್ ಪೇಂಟೋ ಪುಟ್ಟಿಯೋ ವಾಲ್‌ಪೇಪರೋ ಅಡ್ಡ ನಿಂತರೆ ಹಿಂದೆ ಬೂಷ್ಟು, ಮುಂದೆ ಗುಳ್ಳೆ. ಸುಣ್ಣ ಬಳಿದರೆ ಗೋಡೆ ಉಸಿರಾಡುತ್ತದೆ, ಸುಣ್ಣದ ಕ್ಷಾರಕ್ಕೆ ಬೂಷ್ಟೂ ಬೇಗ ಹತ್ತುವುದಿಲ್ಲ. ಕೈಗೆ ಬಿಳಿ ಅಂಟುತ್ತದೆಂಬುದು ನಿಜ. ಒರಗುವ ಎತ್ತರದವರೆಗೆ ಬೇರೆ ಏನಾದರೂ ಮಾಡಿ, ಮೇಲೆ ಸುಣ್ಣವೇ ಇರಲಿ. ಚಾವಡಿಯ ಒಂದು ಗೋಡೆಯ ಗಾರೆ ಕೆತ್ತಿ ಕಲ್ಲು ಕಾಣುವ ಹಾಗೆ ಮಾಡುವ ಆಸೆಯಿದ್ದರೆ ಮಾಡಬಹುದು, ಒಲೆಯ ಹತ್ತಿರ ಮಾತ್ರ ಬೇಡ, ಎಣ್ಣೆಯ ಜಿಡ್ಡು ತೂತಿನೊಳಗೆ ಹೋದರೆ ಬರುವುದಿಲ್ಲ. ಮೊನ್ನೆ ಒಂದು ಕಡೆ ನಿಜವಾದ ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿದು, ಅದರ ಮೇಲೆ ಮುರಕಲ್ಲಿನ ಚಿತ್ರವಿರುವ ಟೈಲ್ಸ್ ಅಂಟಿಸಿದ್ದರು. ನೋಡಿ ನಗಬೇಕೋ ಬಿಡಬೇಕೋ ತಿಳಿಯದೆ ಚಹಾ ಕುಡಿದು ಬಂದೆ.

ಕಾವಿಯ ನೆಲವನ್ನು ಒಡೆಯಬೇಡಿ. ಬಿರುಕು ಬಿಟ್ಟಿದ್ದರೆ ತೇಪೆಯ ಬಣ್ಣ ಹೊಂದುವುದಿಲ್ಲ, ಇದನ್ನು ಮೊದಲೇ ಹೇಳುತ್ತೇನೆ. ಆ ಕೆಲಸ ಗೊತ್ತಿರುವವರೂ ಕಡಿಮೆಯಾಗಿದ್ದಾರೆ. ಆದರೂ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಒದ್ದೆ ಕಾಲಲ್ಲಿ ಎಪ್ಪತ್ತನಾಲ್ಕರ ಅತ್ತೆ ಒಮ್ಮೆ ಜಾರಿದರೆ ಅದರ ಖರ್ಚು ಮೂರು ಲಕ್ಷದಲ್ಲಿ ಮುಗಿಯದು. ನೀರು ಬೀಳುವ ಕಡೆ ಒರಟು ಟೈಲ್ಸ್ ಹಾಕಿ, ಉಳಿದಲ್ಲಿ ಕಾವಿ ಇರಲಿ.

ಇನ್ನು ‘ಹಳೆ ಸಾಮಾನು’. ಕಂಚಿನ ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಸಿ ಚಾವಡಿಯ ನಡುವೆ ಇಡುವುದು ಈಗ ಎಲ್ಲ ಮನೆಗಳಲ್ಲೂ ಇದೆ. ನಿಮ್ಮ ಚಿತ್ರದಲ್ಲೂ ಇದೆ. ಆ ಉರುಳಿಯಲ್ಲಿ ಹಲಸಿನ ಹಣ್ಣಿನ ಪಾಯಸ ಕೊನೆಯ ಸಲ ಯಾವಾಗ ಮಾಡಿದಿರಿ? ವರ್ಷಕ್ಕೆ ಎರಡು ಸಲವಾದರೂ ಒಲೆ ಹತ್ತುವ ಉರುಳಿ ಚಾವಡಿಯಲ್ಲಿ ಕೂತರೆ ನನಗೆ ತಕರಾರಿಲ್ಲ, ಅದರ ತಳದ ಕಪ್ಪೇ ಅದರ ಚಂದ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾತ್ರ ಹುಳಿ ಪದಾರ್ಥ ಮಾಡಬೇಡಿ. ಕಡೆಯುವ ಕಲ್ಲನ್ನು ಅಂಗಳಕ್ಕೆ ಹಾಕಿ ‘ಗಾರ್ಡನ್ ಪೀಸ್’ ಮಾಡುವುದಕ್ಕೆ ತಕರಾರಿದೆ. ಅದರ ಗುಂಡಿಯಲ್ಲಿ ಮಳೆನೀರು ನಿಂತರೆ ವಾರದೊಳಗೆ ಡೆಂಗಿ ಸೊಳ್ಳೆಯ ಹುಳ ಆಡುತ್ತಿರುತ್ತದೆ. ಜಗಲಿಯಲ್ಲೇ ಇಟ್ಟು, ಹಬ್ಬದ ದಿನ ಕರೆಂಟು ಹೋದಾಗ ಬಳಸಿ. ಹೋಗಿಯೇ ಹೋಗುತ್ತದೆ.

ತೆಯ್ಯಂ ಮುಖದ ಫೈಬರ್ ಪ್ರತಿಮೆಯನ್ನು ಗೋಡೆಗೆ ತೂಗುಹಾಕುವುದು ನನಗೆ ಹಿಡಿಸುವುದಿಲ್ಲ. ನಾವು ಕೈಮುಗಿಯುವ ದೈವದ ಮುಖ ಅದು, ಟಿವಿಯ ಮೇಲಿನ ಅಲಂಕಾರವಲ್ಲ. ನಿಮ್ಮ ಮನೆಯ ಯಾರಾದರೂ ಯಕ್ಷಗಾನದ ವೇಷ ಕಟ್ಟಿದವರಿದ್ದರೆ ಅವರ ಹಳೆ ಫೋಟೋ ಹಾಕಿ. ಕಿಟಕಿಗೆ ಹೊಳೆಯುವ ಪಾಲಿಯೆಸ್ಟರ್ ಪರದೆಗಿಂತ ಹತ್ತಿಯದು ವಾಸಿ. ಭೌಗೋಳಿಕ ಸೂಚಕ ಪಡೆದ ಕೈಮಗ್ಗದ ಸೀರೆ ನಮ್ಮ ಕಾಸರಗೋಡಿನ ಹೆಸರಿನಲ್ಲೇ ಇದೆ. ಅತ್ತೆಯವರ ಪೆಟ್ಟಿಗೆಯಲ್ಲಿ ಅಂಚು ಗಟ್ಟಿ ಇದ್ದು ನಡುವೆ ಹರಿದ ಒಂದಾದರೂ ಸಿಕ್ಕೀತು, ಪರದೆ ಮಾಡಲು ಕೇಳಿ ನೋಡಿ.

ಪ್ಲಾಸ್ಟಿಕ್ ಹುಲ್ಲಿನ ಗೋಡೆಯ ಜಾಗದಲ್ಲಿ ಏನು ಎಂದರೆ: ನಮ್ಮ ಅಜ್ಜಿಯ ಮನೆಯಲ್ಲಿ ಬೇಸಿಗೆಯ ಸೌತೆಕಾಯಿ ಕೊಯ್ದ ಮೇಲೆ ಒಂದೊಂದನ್ನೂ ಬಾಳೆನಾರಿನಲ್ಲಿ ಕಟ್ಟಿ ಪಡಸಾಲೆಯ ಮಾಡಿನ ಕೆಳಗೆ ಸಾಲಾಗಿ ತೂಗಹಾಕುತ್ತಿದ್ದರು. ಹಳದಿ, ಹಸಿರು ಪಟ್ಟೆಯ ಐವತ್ತು ಅರುವತ್ತು ಕಾಯಿ. ಒಂದಕ್ಕೊಂದು ತಾಗದೆ, ಗಾಳಿಯಾಡುತ್ತಾ ಮಳೆಗಾಲ ದಾಟುವವರೆಗೂ ಕೆಡುತ್ತಿರಲಿಲ್ಲ. ದಿನಕ್ಕೊಂದರಂತೆ ಇಳಿದು ಹುಳಿಯಾಗುತ್ತಿತ್ತು. ಆಟಿಯ ಕತ್ತಲಲ್ಲಿ ಆ ಸಾಲು ದೀಪದ ಹಾಗೆ ಕಾಣುತ್ತಿತ್ತು. ನಿಮ್ಮ ಚಾವಡಿಗೂ ಪಕಾಸು ಇದೆ. ನಾಲ್ಕು ಕೊಕ್ಕೆ ಹೆಚ್ಚು ಹಾಕಿಸಿ.

ಕೆಲಸ ಶುರು ಮಾಡುವುದು ಅಕ್ಟೋಬರ್, ನವೆಂಬರಿನ ತುಲಾ ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ. ಈಗ ಗಾರೆ ಹಾಕಿದರೆ ಒಣಗದು. ಅಷ್ಟರೊಳಗೆ ಒಂದು ಕೆಲಸ ಮಾಡಿ ನನಗೆ ಬರೆಯಿರಿ. ಅತ್ತೆಯವರನ್ನು ಬರಿಗಾಲಲ್ಲಿ ನೆಟ್ಟಗೆ ನಿಲ್ಲಿಸಿ, ಕೈ ಮಡಿಸಲು ಹೇಳಿ, ನೆಲದಿಂದ ಮೊಣಕೈಗೆ ಎಷ್ಟಿಂಚು ಎಂದು ಅಳೆಯಿರಿ. ನಿಮ್ಮದೂ ಅಳೆಯಿರಿ. ಮೊಣಕೈಗಿಂತ ನಾಲ್ಕಿಂಚು ಕೆಳಗೆ ಕಟ್ಟೆ ಬರಬೇಕು. ಇಬ್ಬರದೂ ಬೇರೆ ಬಂದರೆ ಕಟ್ಟೆಯನ್ನು ಎರಡು ಎತ್ತರಕ್ಕೆ ಮಾಡಿಸುವ. ತಗ್ಗಿನದು ಹೆರೆಮಣೆಯ ಕಡೆಗೆ ಇರಲಿ.